ಸ್ಲೊವೀನ್ ಕವಿತೆಗೆ ನಾನು ಮೊದಲು ತೆರೆಯುವ ತಾಣ

ಸ್ಲೊವೇನಿಯಾ ದೇಶದ ಭಾಷೆಯಾದ ಸ್ಲೊವೀನಿನ ಕವಿತೆಗಳನ್ನು ಇಂಗ್ಲಿಷ್ ಅನುವಾದದಲ್ಲಿ ಓದಲು ಲಿರಿಕ್‌ಲೈನ್ ಎಂಬ ತಾಣವೊಂದೇ ನನಗೆ ಸಾಕೆನಿಸಿದೆ. ಆದರೆ ಅದು ಗೊತ್ತಾಗುವ ಮೊದಲೇ ನಾನು ₹450 ಕಳೆದುಕೊಂಡಿದ್ದೆ. ಟಾಗೋರರನ್ನು ಮೆಚ್ಚಿ ಓದಿದ, ಅವರ ಕೃತಿಯೊಂದರಂತೆ ತನ್ನ ಸಂಕಲನಕ್ಕೂ ‘ಚಿನ್ನದ ದೋಣಿ’ ಎಂಬ ಹೆಸರನ್ನೇ ಆರಿಸಿಕೊಂಡಿದ್ದ, 1926ರಲ್ಲಿ 22ನೆಯ ವಯಸ್ಸಿಗೇ ತೀರಿಕೊಂಡ ಸ್ರೆಚ್ಕೊ ಕೊಸೊವೆಲ್‌ನ ಮೂಲಕ ನಾನು ಈ ಭಾಷೆಯ ಕಾವ್ಯದತ್ತ ಬಂದೆ. ಅಲ್ಲಿಂದ ಹಿಂದಕ್ಕೆ ಹೋಗಿ, ಸ್ಲೊವೀನರ ಆದಿಕವಿಯಂತಿರುವ ಫ್ರಾನ್ತ್ಸೆ ಪ್ರೆಶೆರೆನ್‌ನನ್ನು (1800–1849) ಓದೋಣವೆಂದು ಒಂದು ಆನ್‌ಲೈನ್ ಅಂಗಡಿಯಲ್ಲಿ ಇ-ಪುಸ್ತಕ ಕೊಂಡೆ.

ಪ್ರೆಶೆರೆನ್‌ನ ‘ಸುನೀತಗಳ ಮಾಲೆ’ಯಲ್ಲಿ ಹದಿನೈದು ಸುನೀತಗಳಿವೆ. ಒಂದರ ಕೊನೆಯ ಸಾಲು ಮುಂದಿನದರ ಮೊದಲ ಸಾಲಾಗುತ್ತದೆ. ಹದಿನಾಲ್ಕರ ಮೊದಲ ಸಾಲುಗಳೂ ಸೇರಿ ಹದಿನೈದನೆಯದು ಹುಟ್ಟುತ್ತದೆ. ಆ ಹದಿನೈದನೆಯದರ ಸಾಲುಗಳ ಮೊದಲಕ್ಷರಗಳನ್ನು ಮೇಲಿನಿಂದ ಕೆಳಕ್ಕೆ ಓದಿದರೆ, ಕವಿಗೆ ಒಲಿಯದ ಯೂಲಿಯಾ ಪ್ರಿಮಿತ್ಸ್‌ಳಿಗೆ ಇದು ಅರ್ಪಣೆ ಎಂಬುದು ಹೊರಬೀಳುತ್ತದೆ. ನಾನು ಕೊಂಡ ಪುಸ್ತಕದಲ್ಲಿ ಸಾಲುಗಳೇ ಇರಲಿಲ್ಲ. ಯಾವುದೋ ಹಳೆಯ ಮುದ್ರಣವನ್ನು ಸ್ಕ್ಯಾನ್ ಮಾಡಿ ಯಂತ್ರದಿಂದ ಅಕ್ಷರಕ್ಕಿಳಿಸಿದಾಗ ಹದಿನಾಲ್ಕು ಸಾಲುಗಳೂ ಕೂಡಿಕೊಂಡು ಒಂದೇ ಪ್ಯಾರಾ ಆಗಿದ್ದವು. ಅಕ್ಷರಗಳನ್ನು ಸಣ್ಣದು ಮಾಡಿದೆ, ಫೋನನ್ನು ಅಡ್ಡ ಹಿಡಿದೆ, ಬೇರೊಂದು ಆ್ಯಪ್‌ನಲ್ಲಿ ತೆರೆದೆ. ಪ್ಯಾರಾ ಪ್ಯಾರಾವಾಗಿಯೇ ಉಳಿಯಿತು. ಭಾಮಿನಿ ಷಟ್ಪದಿಯ ಆರು ಸಾಲನ್ನೂ ಗದ್ಯದಂತೆ ಒತ್ತಾಗಿ ಅಚ್ಚು ಹಾಕಿದರೆ ಆದಿಪ್ರಾಸ ಹುಡುಕಲು ಎಷ್ಟು ಪರದಾಡಬೇಕೋ ಅಷ್ಟೇ ಪರದಾಟ ಇಲ್ಲಿಯೂ ಆಯಿತು. ಅನುವಾದಕರು ಯೂಲಿಯಾಳ ಹೆಸರನ್ನು ಇಂಗ್ಲಿಷಿನಲ್ಲಿ ಉಳಿಸಿಕೊಂಡಿದ್ದರೇ ಎಂಬುದನ್ನು ನೋಡುವ ದಾರಿಯೂ ಇರಲಿಲ್ಲ.

ಸಾಲದ್ದಕ್ಕೆ ಸ್ಲೊವೀನಿನ ಚ, ಶ, ಝ ಉಚ್ಚಾರಗಳನ್ನು ಸೂಚಿಸುವ ಟೋಪಿ ತೊಟ್ಟ ಮೂರು ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ಕೂತಿದ್ದವು. ಕವಿಯ ಹೆಸರಿನ ನಟ್ಟನಡುವೆಯೂ ಒಂದು ಚೌಕ. ಹಣ ವಾಪಸ್ ಕೇಳಿದ್ದಕ್ಕೆ, ಡೌನ್‌ಲೋಡ್ ಆದ ಪುಸ್ತಕಕ್ಕೆ ಆ ಸೌಲಭ್ಯವಿಲ್ಲವೆಂದು ಅಂಗಡಿಯವರು ಉತ್ತರಿಸಿದರು.

ಅಂದಿನಿಂದ ಪುಕ್ಕಟೆ ತಾಣಗಳನ್ನಷ್ಟೇ ಬಳಸುತ್ತಿದ್ದೇನೆ. ಬರ್ಲಿನ್ನಿನಿಂದ 1999ರಲ್ಲಿ ಆರಂಭವಾದ ಲಿರಿಕ್‌ಲೈನ್‌ನಲ್ಲಿ ಕವಿಗಳು ತಮ್ಮ ಭಾಷೆಯಲ್ಲಿ ತಾವೇ ಓದಿದ ಧ್ವನಿ, ಅದರ ಮೂಲಪಾಠ, ಜೊತೆಗೆ ಲಭ್ಯವಿರುವ ಅನುವಾದಗಳು ಇರುತ್ತವೆ. ತೊಮಾಝ್ ಶಾಲಮುನ್ (1941–2014), ಅಲೆಶ್ ಶ್ಟೆಗೆರ್ ಇಬ್ಬರೂ ಅಲ್ಲಿ ಸಿಗುತ್ತಾರೆ. ಧ್ವನಿಗೆ ನಾನು ಇಷ್ಟು ಬೆಲೆ ಕೊಡಲು ಕಾರಣ ಸ್ಲೊವೀನಿನ ದ್ವಿವಚನ. ‘ರಾಮಃ, ರಾಮೌ, ರಾಮಾಃ’ ಎಂದು ಬಾಯಿಪಾಠ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ‘ಗ್ರೆಮ್’ ಎಂದರೆ ಹೋಗುತ್ತೇನೆ, ‘ಗ್ರೆಮೊ’ ಎಂದರೆ ಹೋಗುತ್ತೇವೆ. ಇವೆರಡರ ನಡುವೆ ‘ಗ್ರೆವಾ’ ಇದೆ, ನಾವಿಬ್ಬರೇ ಹೋಗುತ್ತೇವೆ ಎಂದು. ಇಂಗ್ಲಿಷಿನ ‘ವೀ’ ಪ್ರೇಮಿಗಳಿಬ್ಬರನ್ನೂ ಮೆರವಣಿಗೆಯ ಜನರನ್ನೂ ಒಂದೇ ಚೀಲಕ್ಕೆ ತುಂಬುತ್ತದೆ. ಕನ್ನಡದಲ್ಲಾದರೆ ‘ನಾವಿಬ್ಬರು’ ಎಂದು ಹೇಳಿ ಸರಿಪಡಿಸಬಹುದು, ಆದರೆ ಇಂಗ್ಲಿಷ್ ಅನುವಾದಕರು ಪ್ರತಿ ಸಾಲಿನಲ್ಲೂ ‘ಇಬ್ಬರು’ ಎಂದು ಸೇರಿಸುತ್ತಾ ಹೋದರೆ ಕವಿತೆ ಭಾರವಾಗುತ್ತದೆ. ಇಂಗ್ಲಿಷ್ ಪಾಠವನ್ನು ಕಣ್ಣಮುಂದಿಟ್ಟುಕೊಂಡು ಮೂಲವನ್ನು ಕಿವಿಯಲ್ಲಿ ಕೇಳುವಾಗ, ಭಾಷೆ ಬಾರದ ನನಗೂ ಆ ‘ವಾ’ ಅಂತ್ಯ ಆಗಾಗ ಸಿಕ್ಕಿಬೀಳುತ್ತದೆ. ಒಂದು ಕೊರತೆಯನ್ನು ಹೇಳಲೇಬೇಕು: ಎಲ್ಲ ಕವಿತೆಗಳಿಗೂ ಇಂಗ್ಲಿಷ್ ಅನುವಾದವಿಲ್ಲ, ಕೆಲವಕ್ಕೆ ಜರ್ಮನ್ ಇದ್ದು ಇಂಗ್ಲಿಷ್ ಇರುವುದಿಲ್ಲ.

ರಾಟರ್‌ಡ್ಯಾಮ್‌ನ ಪೊಯೆಟ್ರಿ ಇಂಟರ್‌ನ್ಯಾಷನಲ್ ಎರಡನೆಯ ಸ್ಥಾನದಲ್ಲಿದೆ. ಮೂಲ ಮತ್ತು ಇಂಗ್ಲಿಷ್ ಪಕ್ಕಪಕ್ಕದಲ್ಲಿರುವುದು, ಕವಿಯ ಬಗ್ಗೆ ಪರಿಚಯ ಲೇಖನವಿರುವುದು ಅದರ ಬಲ. ಕವಿಯನ್ನು ಕುರಿತು ಏನೂ ತಿಳಿಯದೆ ಓದಲು ಕೂರುವವರಿಗೆ ನನ್ನ ಆಯ್ಕೆಗಿಂತ ಇದೇ ಮೇಲು. ಸ್ಲೊವೇನಿಯಾದ ರಾಜಧಾನಿ ಲ್ಯುಬ್ಲ್ಯಾನಾದ ಬೆಲೆತ್ರಿನಾ ಪ್ರಕಾಶನ ಮುಂದಾಗಿ ಕಟ್ಟಿದ ವರ್ಸೊಪೊಲಿಸ್ ತಾಣ, ತಮ್ಮ ಭಾಷೆಯ ಹೊರಗೆ ಇನ್ನೂ ಹೆಸರಾಗದ ಯುರೋಪಿನ ಕವಿಗಳಿಗಾಗಿ ಇರುವುದರಿಂದ ಅಲ್ಲಿ ಪ್ರೆಶೆರೆನ್‌ನನ್ನು ಹುಡುಕಬಾರದು. ಅಮೆರಿಕದ ಪೊಯೆಟ್ರಿ ಫೌಂಡೇಶನ್‌ನಲ್ಲಿ ಶಾಲಮುನ್‌ನ ಅನುವಾದಗಳು ಓದಲು ಸೊಗಸಾಗಿವೆ, ಆದರೆ ಮೂಲ ಜೊತೆಗಿಲ್ಲದ ಕಡೆ ದ್ವಿವಚನದ ವಿಷಯದಲ್ಲಿ ನಾನು ಕುರುಡ.

ಹಳೆಯ ಕವಿಗಳ ಮೂಲಕ್ಕೆ ವಿಕಿಸೋರ್ಸ್‌ನ ಸ್ಲೊವೀನ್ ರೂಪವಾದ ವಿಕಿವಿರ್ ಇದೆ, ಪದಗಳಿಗೆ ಫ್ರಾನ್ ನಿಘಂಟು ತಾಣವಿದೆ, ಎರಡಕ್ಕೂ ಕಾಸಿಲ್ಲ. ಯೂಲಿಯಾಳ ಹೆಸರು ನನಗೆ ಕೊನೆಗೂ ಸಿಕ್ಕಿದ್ದು ವಿಕಿವಿರ್‌ನಲ್ಲಿ, ಸಾಲಿಗೊಂದು ಅಕ್ಷರದಂತೆ ಬೆರಳಿಟ್ಟು ಎಣಿಸಿದಾಗ.

ನನ್ನ ಓದೆಲ್ಲ ನಡೆಯುವುದು ಬಸ್ಸಿನಲ್ಲಿ, ಇಯರ್‌ಫೋನ್ ಹಾಕಿಕೊಂಡು, ದಿನಕ್ಕೆ ಎರಡೋ ಮೂರೋ ಕವಿತೆ. ಇಂಥ ಅಭ್ಯಾಸಕ್ಕೆ ಲಿರಿಕ್‌ಲೈನ್ ಹೇಳಿ ಮಾಡಿಸಿದಂತಿದೆ. ಮೇಜಿನ ಮುಂದೆ ಕೂತು ಟಿಪ್ಪಣಿ ಮಾಡಿಕೊಳ್ಳುತ್ತ ಓದುವವರು ರಾಟರ್‌ಡ್ಯಾಮ್‌ನ ತಾಣದಿಂದ ಆರಂಭಿಸಲಿ. ಇ-ಪುಸ್ತಕವನ್ನೇ ಕೊಳ್ಳುವವರು ಮಾತ್ರ ಮಾದರಿ ಪುಟ ತೆರೆದು, ಸಾಲುಗಳು ಸಾಲುಗಳಾಗಿಯೇ ಇವೆಯೇ ಎಂದು ನೋಡಿಕೊಂಡು ಹಣ ಕಟ್ಟಬೇಕು.