ಜಾಹೀರಾತು ತಡೆಯುವ ಸಾಧನಕ್ಕೆ ನಮ್ಮ ಎಷ್ಟು ವಿವರ ಕಾಣಬೇಕು?

ಬ್ರೌಸರ್‌ಗೆ ಸೀಮಿತವಾಗದೆ ಇಡೀ ಕಂಪ್ಯೂಟರ್‌ನಲ್ಲಿ ಜಾಹೀರಾತು ತಡೆಯುವ ಮೂರು ವಿಧಾನಗಳನ್ನು ಒಂದೇ ಯಂತ್ರದಲ್ಲಿ ಒಂದಾದ ಮೇಲೊಂದು ಬಳಸಿ ನೋಡಿದೆ. ಎಷ್ಟು ಜಾಹೀರಾತು ಮಾಯವಾಯಿತು ಎಂಬುದಕ್ಕಿಂತ, ತಡೆಯುವ ಸಾಧನಕ್ಕೆ ನನ್ನ ಬಗ್ಗೆ ಎಷ್ಟು ತಿಳಿಯುತ್ತದೆ ಎಂಬುದೇ ನನಗೆ ಒರೆಗಲ್ಲಾಗಿತ್ತು.

ಆ ಒರೆಗಲ್ಲಿಗೆ ಹೋಸ್ಟ್ಸ್ ಫೈಲ್‌ನಷ್ಟು ಶುದ್ಧವಾದದ್ದು ಇನ್ನೊಂದಿಲ್ಲ. ಜಾಹೀರಾತು ಸರ್ವರ್‌ಗಳ ಹೆಸರನ್ನು 0.0.0.0 ಎಂಬ ಎಲ್ಲಿಗೂ ತಲುಪದ ವಿಳಾಸಕ್ಕೆ ತಿರುಗಿಸುವ, ಕಂಪ್ಯೂಟರ್‌ನಲ್ಲೇ ಇರುವ ಬರಿಯ ಪಠ್ಯ ಕಡತವಿದು. ಯಾರಿಗೂ ಏನನ್ನೂ ಕಳುಹಿಸುವುದಿಲ್ಲ. ಆದರೆ ಒಂದು ಡೊಮೇನ್‌ನ ಎಲ್ಲ ಉಪಡೊಮೇನ್‌ಗಳನ್ನು ಒಂದೇ ಸಾಲಿನಲ್ಲಿ ತಡೆಯಲು ಇದಕ್ಕೆ ಬಾರದು. ಪಟ್ಟಿಯನ್ನು ಆಗಾಗ ನವೀಕರಿಸುವ ಹೊಣೆಯೂ ನಮ್ಮದೇ.

ತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ವ್ಯವಸ್ಥೆಯಲ್ಲೇ ಸೋಸುವ ನೆಕ್ಸ್ಟ್‌ಡಿಎನ್‌ಎಸ್‌ನಂತಹ ಸೇವೆ ಈ ಕೊರತೆಯನ್ನು ನೀಗಿಸುತ್ತದೆ, ತಾಣದ ಸ್ವಂತ ಉಪಡೊಮೇನ್‌ನ ವೇಷದಲ್ಲಿ ಬಂದು ನಮ್ಮ ಓಡಾಟ ಗಮನಿಸುವ ಟ್ರ್ಯಾಕರ್‌ಗಳನ್ನೂ ಹಿಡಿಯುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೆಂದರೆ, ಕಂಪ್ಯೂಟರ್ ಕೇಳುವ ಪ್ರತಿಯೊಂದು ಹೆಸರೂ ಆ ಸೇವೆಯ ಕಣ್ಣಿಗೆ ಬೀಳುತ್ತದೆ. ಲಾಗ್ ಇಡದಂತೆ ಆಯ್ಕೆ ಮಾಡಬಹುದು, ಆದರೆ ಅದು ಪಾಲನೆಯಾಗುತ್ತಿದೆಯೇ ಎಂದು ನಾವು ಪರೀಕ್ಷಿಸಲಾರೆವು. ಇದೇ ಕೆಲಸ ಮಾಡುವ ಪೈ-ಹೋಲ್ ತಂತ್ರಾಂಶವನ್ನು ಮನೆಯಲ್ಲೇ ನಡೆಸಿದರೆ ಸೋಸುವ ಕೆಲಸ ನಮ್ಮ ಕೈಯಲ್ಲಿರುತ್ತದೆ, ಆದರೂ ತಡೆಯದೆ ಬಿಟ್ಟ ಹೆಸರುಗಳು ಮೇಲಿನ ಯಾವುದೋ ಡಿಎನ್‌ಎಸ್ ಸರ್ವರ್‌ಗೆ ಹೋಗಲೇಬೇಕು. ಅದನ್ನೂ ತಪ್ಪಿಸಲು ವಿಳಾಸಗಳನ್ನು ತಾನೇ ಮೂಲದಿಂದ ಹುಡುಕುವ ಅನ್‌ಬೌಂಡ್ ತಂತ್ರಾಂಶವನ್ನು ಜೋಡಿಸಿದರೆ, ಗೂಢಲಿಪಿಯಿಲ್ಲದ ಪ್ರಶ್ನೆಗಳು ಇಂಟರ್‌ನೆಟ್ ಸಂಪರ್ಕ ಕೊಡುವ ಸಂಸ್ಥೆಗೆ ಕಾಣಿಸುತ್ತವೆ. ನಮ್ಮ ಗುಟ್ಟನ್ನು ಕಾಣುವವರು ಬದಲಾಗುತ್ತಾರೆಯೇ ಹೊರತು ಯಾರಿಗೂ ಕಾಣದಂತಾಗುವುದಿಲ್ಲ.

ಜಾಹೀರಾತನ್ನು ಅತ್ಯಂತ ಚೆನ್ನಾಗಿ ತಡೆದದ್ದು ಆಡ್‌ಗಾರ್ಡ್‌ನ ಡೆಸ್ಕ್‌ಟಾಪ್ ತಂತ್ರಾಂಶ. ಹೆಸರನ್ನಷ್ಟೇ ನೋಡುವ ಡಿಎನ್‌ಎಸ್‌ಗೆ, ಪುಟದ ಸರ್ವರ್‌ನಿಂದಲೇ ಬರುವ ಜಾಹೀರಾತನ್ನು ಬೇರ್ಪಡಿಸಲಾಗದು. ಆಡ್‌ಗಾರ್ಡ್ ಪುಟದ ಒಳಗನ್ನೇ ಓದಿ ಖಾಲಿ ಚೌಕಗಳನ್ನೂ ಅಳಿಸುತ್ತದೆ. ಹಾಗೆ ಓದಲು ತನ್ನದೇ ರೂಟ್ ಸರ್ಟಿಫಿಕೇಟನ್ನು (ತಾಣಗಳ ಗುರುತನ್ನು ಕಂಪ್ಯೂಟರ್ ನಂಬಲು ಆಧಾರವಾಗುವ ಡಿಜಿಟಲ್ ಪತ್ರ) ಕಂಪ್ಯೂಟರ್‌ನಲ್ಲಿ ಸ್ಥಾಪಿಸಿ, ಗೂಢಲಿಪಿಯಲ್ಲಿ ಸಾಗುವ ಎಚ್‌ಟಿಟಿಪಿಎಸ್ ಸಂಪರ್ಕವನ್ನು ನಡುವೆ ಬಿಚ್ಚಿ ಮತ್ತೆ ಮುಚ್ಚುತ್ತದೆ. ಆಗ ತಾಣದ ನಿಜವಾದ ಸರ್ಟಿಫಿಕೇಟನ್ನು ಪರಿಶೀಲಿಸುವುದು ಬ್ರೌಸರ್ ಅಲ್ಲ, ಈ ತಂತ್ರಾಂಶ. 2015ರಲ್ಲಿ ಬೆಳಕಿಗೆ ಬಂದ ಸೂಪರ್‌ಫಿಶ್ ಪ್ರಕರಣದಲ್ಲಿ, ಆ ಹೆಸರಿನ ಜಾಹೀರಾತು ತೂರಿಸುವ ತಂತ್ರಾಂಶವನ್ನು ಮೊದಲೇ ಅಳವಡಿಸಿದ್ದ ಲೆನೊವೊ ಲ್ಯಾಪ್‌ಟಾಪ್‌ಗಳಿಗೆಲ್ಲ ಸರ್ಟಿಫಿಕೇಟಿನ ಒಂದೇ ಖಾಸಗಿ ಕೀಲಿಯಿದ್ದುದರಿಂದ, ಅದನ್ನು ಹೊರತೆಗೆದ ಯಾರಾದರೂ ನಕಲಿ ತಾಣ ಕಟ್ಟಿ ಆ ಬಳಕೆದಾರರನ್ನು ವಂಚಿಸಬಹುದಿತ್ತು. ಆಡ್‌ಗಾರ್ಡ್ ಪ್ರತಿ ಯಂತ್ರಕ್ಕೂ ಬೇರೆ ಕೀಲಿ ಸೃಷ್ಟಿಸುವುದರಿಂದ ಆ ದೋಷ ಇದಕ್ಕಿಲ್ಲ. ಆದರೂ ಪಾಸ್‌ವರ್ಡ್ ಸಾಗುವ ದಾರಿಯಲ್ಲಿ ಮೂರನೆಯವರೊಬ್ಬರನ್ನು ಕೂರಿಸುವುದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ.

ಕೊನೆಗೆ ಉಳಿಸಿಕೊಂಡದ್ದು ಹೋಸ್ಟ್ಸ್ ಫೈಲ್ ಮತ್ತು ಬ್ರೌಸರ್‌ನೊಳಗೆ ಯುಬ್ಲಾಕ್ ಆರಿಜಿನ್ ಎಂಬ ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್. ಎಕ್ಸ್‌ಟೆನ್ಶನ್ ಕೂಡ ಪುಟಗಳನ್ನು ಓದಬಲ್ಲದು, ನಿಜ. ಆದರೆ ಅದರ ಅಧಿಕಾರ ಬ್ರೌಸರ್‌ನ ಗಡಿಯಲ್ಲೇ ಮುಗಿಯುತ್ತದೆ, ಇಮೇಲ್ ತಂತ್ರಾಂಶದವರೆಗೆ ಚಾಚುವುದಿಲ್ಲ.