ಹಳೆಯ ವಿದ್ಯುತ್ ಕಾರಿನ ಬ್ಯಾಟರಿ ಎಷ್ಟು ಸವೆದಿದೆ? ಎರಡು ಕಾರುಗಳ ಮೇಲೆ ಐದು ಅಳತೆಗಳ ಹೋಲಿಕೆ

ಮಂಗಳೂರಿನ ಕೊಟ್ಟಾರದ ಮನೆಯಿಂದ ಉಡುಪಿಯ ಕಚೇರಿಗೆ ವಾರಕ್ಕೆ ನಾಲ್ಕು ದಿನ ಹೋಗಿಬರುವ ನನಗೆ, ಒಂದೇ ಚಾರ್ಜಿನಲ್ಲಿ ದಿನಕ್ಕೆ ಸುಮಾರು 115 ಕಿ.ಮೀ. ನಿಶ್ಚಿಂತೆಯಿಂದ ಓಡುವ ಕಾರು ಬೇಕಿತ್ತು. ಹೊಸ ವಿದ್ಯುತ್ ಕಾರಿನ ಬೆಲೆ ನಿಲುಕದ ಕಾರಣ ಹಳೆಯದನ್ನೇ ಹುಡುಕತೊಡಗಿದೆ. ಪೆಟ್ರೋಲ್ ಕಾರಾಗಿದ್ದರೆ ಪರಿಚಯದ ಮೆಕ್ಯಾನಿಕ್ ಎಂಜಿನ್ನಿನ ಸದ್ದು ಕೇಳಿ, ಹೊಗೆಯ ಬಣ್ಣ ನೋಡಿ, ಆಯಿಲ್ ಮುಚ್ಚಳ ತೆಗೆದು ಒಂದು ಮಾತು ಹೇಳುತ್ತಿದ್ದರು. ವಿದ್ಯುತ್ ಕಾರಿನ ಬೆಲೆಯ ದೊಡ್ಡ ಪಾಲು ಸೀಟಿನ ಕೆಳಗೆ ಮುಚ್ಚಿದ ಪೆಟ್ಟಿಗೆಯೊಳಗೆ ಇರುತ್ತದೆ. ಅದು ಸವೆದಿದ್ದರೂ ಸದ್ದು ಮಾಡುವುದಿಲ್ಲ, ಹೊಗೆ ಉಗುಳುವುದಿಲ್ಲ. ಹಾಗಾಗಿ ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳಲ್ಲಿ, ಮಾಲೀಕರ ಒಪ್ಪಿಗೆ ಪಡೆದು, ಎರಡು ಕಾರುಗಳ ಮೇಲೆ ಐದು ಬೇರೆ ಬೇರೆ ವಿಧಾನಗಳಿಂದ ಬ್ಯಾಟರಿಯ ಸವೆತವನ್ನು ಅಳೆದು ನೋಡಿದೆ.

ಮೊದಲನೆಯ ಕಾರು ನಾಲ್ಕು ವರ್ಷ ಹಳೆಯದು, 62,000 ಕಿ.ಮೀ. ಓಡಿದ್ದು, ಎಲ್‌ಎಫ್‌ಪಿ (ಲಿಥಿಯಂ, ಕಬ್ಬಿಣ, ಫಾಸ್ಫೇಟ್) ಬ್ಯಾಟರಿಯದು. ಹೊಸದಿದ್ದಾಗ 30 ಕಿಲೋವ್ಯಾಟ್ ಅವರ್ ಎಂದು ಹೇಳಿ ಮಾರಿದ್ದು. ಎರಡನೆಯದು ಐದು ವರ್ಷ ಹಳೆಯದು, ಎನ್‌ಎಂಸಿ (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವ ಲಿಥಿಯಂ) ಬ್ಯಾಟರಿಯದು, ಹೊಸದಿದ್ದಾಗ 40 ಕಿಲೋವ್ಯಾಟ್ ಅವರ್. ಆದರೆ ಓಡಿದ್ದು ಕೇವಲ 21,000 ಕಿ.ಮೀ., ಏಕೆಂದರೆ ಅದರ ಮಾಲೀಕರು ಗಲ್ಫ್‌ನಲ್ಲಿದ್ದು ವರ್ಷಕ್ಕೊಮ್ಮೆ ಮಾತ್ರ ಊರಿಗೆ ಬರುತ್ತಿದ್ದರು. ಒಂದು ಕಿಲೋವ್ಯಾಟ್ ಅವರ್ ಎಂದರೆ ನಮ್ಮ ಮೆಸ್ಕಾಂ ಬಿಲ್ಲಿನ ಒಂದು ಯೂನಿಟ್. ಮುಂದೆ ಯೂನಿಟ್ ಎಂದೇ ಬರೆಯುತ್ತೇನೆ, ಏಕೆಂದರೆ ಈ ಇಡೀ ಲೆಕ್ಕ ಕೊನೆಗೆ ಬಂದು ನಿಲ್ಲುವುದು ಯೂನಿಟ್ಟಿನ ಮೇಲೆಯೇ.

ಮಾರುವವರು ಮೊದಲು ತೋರಿಸುವುದು ಡ್ಯಾಶ್‌ಬೋರ್ಡಿನ ಅಂಕಿಯನ್ನು: ಪೂರ್ತಿ ಚಾರ್ಜ್ ಆದಾಗ ಇಷ್ಟು ಕಿ.ಮೀ. ಓಡುತ್ತದೆ ಎಂಬ ಅಂದಾಜನ್ನು. ಮೊದಲನೆಯ ಕಾರು ಒಂದು ದಿನ 100 ಶೇಕಡಾ ಚಾರ್ಜಿನಲ್ಲಿ 214 ಕಿ.ಮೀ. ತೋರಿಸಿತು, ಮೂರು ದಿನಗಳ ನಂತರ, ಹೆದ್ದಾರಿಯಲ್ಲಿ ವೇಗವಾಗಿ ಓಡಿಸಿ ಮತ್ತೆ ಪೂರ್ತಿ ತುಂಬಿಸಿದಾಗ, 171 ಕಿ.ಮೀ. ತೋರಿಸಿತು. ಮೂರು ದಿನದಲ್ಲಿ ಬ್ಯಾಟರಿ ಅಷ್ಟು ಸವೆಯಲಾರದು. ಬಹುತೇಕ ಕಾರುಗಳಲ್ಲಿ ಈ ಅಂಕಿ ಹಿಂದಿನ ಕೆಲವು ಹತ್ತು ಕಿಲೋಮೀಟರುಗಳ ಚಾಲನೆಯನ್ನು ಆಧರಿಸಿರುತ್ತದೆ. ಅದು ಬ್ಯಾಟರಿಗಿಂತ ಹೆಚ್ಚಾಗಿ ಓಡಿಸಿದವರ ಪಾದದ ಬಗ್ಗೆ ಹೇಳುವುದರಿಂದ, ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಎರಡನೆಯ ವಿಧಾನದ ಮೇಲೆ ನನಗೆ ಆರಂಭದಲ್ಲಿ ಹೆಚ್ಚು ಭರವಸೆ ಇತ್ತು. ಮೆಕ್ಯಾನಿಕ್‌ಗಳು ದೋಷ ಪತ್ತೆಗೆ ಬಳಸುವ, ಸ್ಟೀರಿಂಗ್ ಕೆಳಗಿನ ಒಬಿಡಿ ಕಿಂಡಿಗೆ ಬ್ಲೂಟೂತ್ ಸಾಧನವೊಂದನ್ನು ಸಿಕ್ಕಿಸಿದರೆ, ಬ್ಯಾಟರಿಯನ್ನು ನೋಡಿಕೊಳ್ಳುವ ಬಿಎಂಎಸ್ ಎಂಬ ಕಂಪ್ಯೂಟರಿನ ಒಳಲೆಕ್ಕ ಮೊಬೈಲಿನಲ್ಲಿ ಕಾಣುತ್ತದೆ. ಹಲವು ಸಣ್ಣ ಸೆಲ್‌ಗಳನ್ನು ಜೋಡಿಸಿದ ಇಡೀ ಬ್ಯಾಟರಿ ಪ್ಯಾಕಿನ ವೋಲ್ಟೇಜ್, ಉಷ್ಣತೆ, ಅತಿ ಹೆಚ್ಚು ಮತ್ತು ಅತಿ ಕಡಿಮೆ ವೋಲ್ಟೇಜಿನ ಸೆಲ್‌ಗಳು, ಎಲ್ಲಕ್ಕಿಂತ ಮೇಲಾಗಿ ಎಸ್‌ಒಎಚ್ ಎಂದು ಕರೆಯುವ ಆರೋಗ್ಯದ ಶೇಕಡಾವಾರು ಅಂಕಿ ಅಲ್ಲಿ ಸಿಗುತ್ತದೆ. ಮೊದಲನೆಯ ಕಾರಿನಲ್ಲಿ ಈ ಅಂಕಿ 97 ಇತ್ತು, ಎರಡನೆಯದರಲ್ಲಿ 90.

ಆದರೆ ಈ ಅಂಕಿ ಬಿಎಂಎಸ್ ನೇರವಾಗಿ ಅಳೆದದ್ದಲ್ಲ, ಊಹಿಸಿದ್ದು. ಒಳಹೋದ ಮತ್ತು ಹೊರಬಂದ ಕರೆಂಟನ್ನು ಕ್ಷಣಕ್ಷಣಕ್ಕೂ ಕೂಡಿಸಿ ಕಳೆಯುತ್ತಾ, ನಡುನಡುವೆ ಸೆಲ್ಲಿನ ವೋಲ್ಟೇಜನ್ನು ನೋಡಿ ಅದು ತನ್ನ ಲೆಕ್ಕವನ್ನು ತಿದ್ದಿಕೊಳ್ಳುತ್ತದೆ. ಎನ್‌ಎಂಸಿ ಸೆಲ್ಲಿನಲ್ಲಿ ಚಾರ್ಜ್ ಇಳಿದಂತೆ ವೋಲ್ಟೇಜ್ 4.2ರಿಂದ ಸ್ಪಷ್ಟವಾಗಿ ಇಳಿಯುತ್ತಾ ಹೋಗುವುದರಿಂದ ಈ ತಿದ್ದುಪಡಿ ಸುಲಭ. ಎಲ್‌ಎಫ್‌ಪಿ ಸೆಲ್ಲಿನಲ್ಲಿ ಹಾಗಲ್ಲ: ಚಾರ್ಜ್ 80 ಶೇಕಡಾ ಇರಲಿ, 30 ಇರಲಿ, ವೋಲ್ಟೇಜ್ 3.2 ಮತ್ತು 3.3ರ ನಡುವೆ ಬಯಲಿನ ಗದ್ದೆಯಂತೆ ಸಮತಟ್ಟಾಗಿ ಇರುತ್ತದೆ. ಏರು ಇಳಿವು ಕಾಣುವುದು ಎರಡೂ ತುದಿಗಳಲ್ಲಿ ಮಾತ್ರ. ಆದ್ದರಿಂದಲೇ ಎಲ್‌ಎಫ್‌ಪಿ ಕಾರನ್ನು ಆಗಾಗ 100 ಶೇಕಡಾವರೆಗೆ ನಿಧಾನವಾಗಿ ತುಂಬಿಸಬೇಕು. ತಿಂಗಳುಗಟ್ಟಲೆ ನಡುವಿನಲ್ಲೇ ಓಡಿಸಿದ ಕಾರಿನ ಬಿಎಂಎಸ್ ದಾರಿ ತಪ್ಪಿರುತ್ತದೆ. ಮೊದಲನೆಯ ಕಾರಿನ ಮಾಲೀಕರು ಅದನ್ನು 80ರ ಮೇಲೆ ತುಂಬಿಸಿದ್ದು ಅಪರೂಪ. ನಾನು ಎರಡು ರಾತ್ರಿ ಪೂರ್ತಿ ತುಂಬಿಸಿ, ನಡುವೆ 10 ಶೇಕಡಾವರೆಗೆ ಇಳಿಸಿದ ಮೇಲೆ, ಅದೇ 97 ಅಂಕಿ 94ಕ್ಕೆ ಬಂತು. ಹೀಗಾಗಿ ಮಾರುವವರು ಕಳುಹಿಸುವ ಎಸ್‌ಒಎಚ್ ಪರದೆಯ ಚಿತ್ರವನ್ನು ನಂಬಿ ಮುಂಗಡ ಕೊಡಬೇಡಿ ಎಂದು ಕಳಕಳಿಯಿಂದ ಹೇಳುತ್ತೇನೆ.

ಒಬಿಡಿ ನಿಷ್ಪ್ರಯೋಜಕ ಎಂದು ಇದರ ಅರ್ಥವಲ್ಲ. ಬೇರೆ ಯಾವ ವಿಧಾನವೂ ಕೊಡದ ಒಂದು ವಿಷಯವನ್ನು ಅದು ಕೊಡುತ್ತದೆ, ಅದುವೇ ಸೆಲ್‌ಗಳ ನಡುವಿನ ವೋಲ್ಟೇಜ್ ಅಂತರ. ಸೆಲ್‌ಗಳು ಸಾಲಾಗಿ ಜೋಡಣೆಗೊಂಡಿರುವುದರಿಂದ, ಒಂದು ಸೆಲ್ ಮೊದಲು ಖಾಲಿಯಾದರೆ ಉಳಿದವುಗಳಲ್ಲಿ ಶಕ್ತಿ ಇದ್ದರೂ ಕಾರು ನಿಲ್ಲಲೇಬೇಕು. ಈ ಅಂತರವನ್ನು ನಿಂತ ಕಾರಿನಲ್ಲಿ, ಅರ್ಧ ಚಾರ್ಜಿನಲ್ಲಿ ನೋಡಿದರೆ ಏನೂ ತಿಳಿಯುವುದಿಲ್ಲ. ಎರಡೂ ಕಾರುಗಳು 10 ಮಿಲಿವೋಲ್ಟಿನ ಒಳಗೇ ಇದ್ದವು. ಚಾರ್ಜ್ ಸುಮಾರು 15 ಶೇಕಡಾ ಇರುವಾಗ, ಇಂದ್ರಾಳಿ ದಾಟಿ ಮಣಿಪಾಲದ ಏರನ್ನು ಹತ್ತಿಸುತ್ತಾ, ಪಕ್ಕದಲ್ಲಿ ಕುಳಿತ ತಮ್ಮನಿಂದ ಅಂಕಿಗಳನ್ನು ಬರೆಸಿದೆ. ಮೊದಲನೆಯ ಕಾರಿನಲ್ಲಿ ಅಂತರ 40 ಮಿಲಿವೋಲ್ಟ್ ದಾಟಲಿಲ್ಲ. ಎರಡನೆಯದರಲ್ಲಿ ಅದು 110ರವರೆಗೆ ಹೋಯಿತು, ಮತ್ತು ಪ್ರತಿ ಸಲವೂ ಕೆಳಗಿಳಿದದ್ದು ಅದೇ ಒಂದು ಸೆಲ್. ಎರಡರ ರಸಾಯನ ಬೇರೆಯಾದ್ದರಿಂದ 40 ಮತ್ತು 110ನ್ನು ನೇರವಾಗಿ ತೂಗುವುದು ಸರಿಯಲ್ಲ; ನನ್ನ ಗಮನ ಸೆಳೆದದ್ದು ಮತ್ತೆ ಮತ್ತೆ ಒಂದೇ ಸೆಲ್ ಹಿಂದೆ ಬೀಳುತ್ತಿದ್ದುದು.

ಮೂರನೆಯದು ಮನೆಯಲ್ಲೇ ಮಾಡಬಹುದಾದ ಚಾರ್ಜಿಂಗ್ ಅಳತೆ. 15 ಆಂಪಿಯರ್ ಸಾಕೆಟ್ಟಿನ ಮೊದಲು ಪ್ರತ್ಯೇಕ ಎನರ್ಜಿ ಮೀಟರ್ ಹಾಕಿಸಿ, 10 ಶೇಕಡಾದಿಂದ 100ರವರೆಗೆ ರಾತ್ರಿಯಿಡೀ ತುಂಬಿಸಿದೆ. ಮೊದಲನೆಯ ಕಾರು 28.2 ಯೂನಿಟ್ ಎಳೆಯಿತು, ಎರಡನೆಯದು 35.2. ಇಲ್ಲಿರುವ ತೊಡಕು ಒಂದೇ, ಆದರೆ ದೊಡ್ಡದು: ಗೋಡೆಯಿಂದ ಹೊರಟದ್ದೆಲ್ಲ ಬ್ಯಾಟರಿಗೆ ಸೇರುವುದಿಲ್ಲ. ಕಾರಿನೊಳಗಿನ ಚಾರ್ಜರ್ ಗೋಡೆಯ ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿ ಕರೆಂಟಿಗೆ ಬದಲಿಸುವಾಗ, ಪಂಪು ಮತ್ತು ಫ್ಯಾನುಗಳು ಓಡುವಾಗ ಹತ್ತರಿಂದ ಹದಿನೈದು ಶೇಕಡಾ ಕಳೆದುಹೋಗುತ್ತದೆ. 88 ಶೇಕಡಾ ಒಳಸೇರಿತು ಎಂದುಕೊಂಡರೆ ಮೊದಲನೆಯ ಕಾರಿನ ಪೂರ್ತಿ ಸಾಮರ್ಥ್ಯ 27.6 ಯೂನಿಟ್, ಅಂದರೆ 92 ಶೇಕಡಾ. 85 ಎಂದುಕೊಂಡರೆ ಅದು 89ಕ್ಕೆ ಇಳಿಯುತ್ತದೆ, 90 ಎಂದುಕೊಂಡರೆ 94ಕ್ಕೆ ಏರುತ್ತದೆ. ಎರಡನೆಯ ಕಾರಿಗೆ ಇದೇ ಲೆಕ್ಕ 83ರಿಂದ 88ರ ನಡುವೆ ಬರುತ್ತದೆ. ಅಳತೆಯಲ್ಲಿ ಐದು ಶೇಕಡಾದ ಮಸುಕು ಇದೆ ನಿಜ, ಆದರೆ ಎರಡು ಕಾರುಗಳ ವ್ಯಾಪ್ತಿಗಳು ಒಂದನ್ನೊಂದು ಮುಟ್ಟುವುದಿಲ್ಲ.

ಈ ಮಸುಕನ್ನು ತಗ್ಗಿಸಲು ಹೆದ್ದಾರಿಯ ಡಿಸಿ ವೇಗದ ಚಾರ್ಜರಿನಲ್ಲೂ ಒಮ್ಮೆ ಪ್ರಯತ್ನಿಸಿದೆ. ಅಲ್ಲಿ ಕಾರಿನೊಳಗಿನ ಚಾರ್ಜರ್ ಬಳಕೆಯಾಗದ ಕಾರಣ ಆ ನಷ್ಟ ತಪ್ಪುತ್ತದೆ. ಆದರೆ 80 ದಾಟಿದ ಮೇಲೆ ವೇಗ ಬಹಳ ಕುಗ್ಗುವುದರಿಂದ, ಹಿಂದೆ ಕಾಯುವವರಿರುವಾಗ ನೂರರವರೆಗೆ ಚಾರ್ಜಿಂಗ್ ಗನ್ ಹಿಡಿದುಕೊಂಡಿರುವುದು ನ್ಯಾಯವಲ್ಲವೆನ್ನಿಸಿ 80ಕ್ಕೇ ನಿಲ್ಲಿಸಿದೆ. ಎಲ್‌ಎಫ್‌ಪಿ ಕಾರಿನಲ್ಲಿ 80 ಎಂಬ ಅಂಕಿಯೇ ಅನಿಶ್ಚಿತವಾದ್ದರಿಂದ ಆ ಅಳತೆಯನ್ನು ಬಿಟ್ಟುಬಿಟ್ಟೆ. ಮನೆಯಲ್ಲಿ ಅಳೆಯುವವರು ಮಳೆಗಾಲದಲ್ಲಿ ಕರೆಂಟು ಹೋಗಿಬರುವ ರಾತ್ರಿಯನ್ನು ಆರಿಸಿಕೊಳ್ಳಬಾರದು. ನಡುವೆ ಹಲವು ಸಲ ನಿಂತು ಶುರುವಾದರೆ ನಷ್ಟದ ಪಾಲು ಇನ್ನಷ್ಟು ಅಸ್ಪಷ್ಟವಾಗುತ್ತದೆ.

ನಾಲ್ಕನೆಯದು ಓಡಿಸಿ ಅಳೆಯುವುದು, ಮತ್ತು ನನ್ನ ಮನಸ್ಸಿಗೆ ಹೆಚ್ಚು ಒಪ್ಪಿದ್ದು ಇದೇ. ನಮ್ಮ ರಾಷ್ಟ್ರೀಯ ಹೆದ್ದಾರಿ 66 ಇದಕ್ಕೆ ಹೇಳಿ ಮಾಡಿಸಿದಂತಿದೆ: ಸಮುದ್ರದ ಪಕ್ಕದಲ್ಲೇ ಸಾಗುವುದರಿಂದ ದೊಡ್ಡ ಏರಿಳಿತವಿಲ್ಲ, ಬೆಳಗಿನ ಐದೂವರೆಗೆ ಹೊರಟರೆ ವಾಹನದಟ್ಟಣೆಯೂ ಇಲ್ಲ. ಕರಾವಳಿಯ ಹವೆಯಲ್ಲಿ ವರ್ಷವಿಡೀ ಉಷ್ಣತೆಯ ಏರುಪೇರು ಕಡಿಮೆ ಇರುವುದು ಇನ್ನೊಂದು ಅನುಕೂಲ. ತೀವ್ರ ಚಳಿಯಲ್ಲಿ ಬ್ಯಾಟರಿ ತಾತ್ಕಾಲಿಕವಾಗಿ ಕಡಿಮೆ ಶಕ್ತಿ ಕೊಡುವ ಗೊಂದಲ ನಮ್ಮಲ್ಲಿಲ್ಲ. ಕೊಟ್ಟಾರ ಚೌಕಿಯಿಂದ ಮೂಲ್ಕಿ, ಪಡುಬಿದ್ರಿ, ಕಾಪು, ಉಡುಪಿ ದಾಟಿ ಸಾಲಿಗ್ರಾಮದವರೆಗೆ ಮೊದಲನೆಯ ಕಾರನ್ನೂ, ಆನೆಗುಡ್ಡೆಯವರೆಗೆ ಎರಡನೆಯದನ್ನೂ, ಗಂಟೆಗೆ 70 ಕಿ.ಮೀ. ವೇಗದಲ್ಲಿ, ಎಸಿ 24 ಡಿಗ್ರಿಯಲ್ಲಿಟ್ಟು ಓಡಿಸಿದೆ. ಅದೇ ದಾರಿಯಲ್ಲಿ ಮರಳಿದ್ದರಿಂದ ಗಾಳಿ ಮತ್ತು ಇಳಿಜಾರಿನ ಪ್ರಭಾವ ಬಹುಮಟ್ಟಿಗೆ ಸರಿತೂಗಿತು.

ಮೊದಲನೆಯ ಕಾರು 100ರಿಂದ 10 ಶೇಕಡಾಗೆ ಇಳಿಯುವಷ್ಟರಲ್ಲಿ 158 ಕಿ.ಮೀ. ಓಡಿ, ಟ್ರಿಪ್ ಕಂಪ್ಯೂಟರಿನ ಪ್ರಕಾರ 24.6 ಯೂನಿಟ್ ಬಳಸಿತು. ಅದನ್ನು 0.9ರಿಂದ ಭಾಗಿಸಿದರೆ ಪೂರ್ತಿ ಸಾಮರ್ಥ್ಯ 27.3 ಯೂನಿಟ್, ಅಂದರೆ 91 ಶೇಕಡಾ. ಎರಡನೆಯದು 100ರಿಂದ 12ರವರೆಗೆ 30 ಯೂನಿಟ್ ಕೊಟ್ಟಿತು. ಪೂರ್ತಿ ಲೆಕ್ಕ ಸುಮಾರು 34.1 ಯೂನಿಟ್, ಅಂದರೆ 85 ಶೇಕಡಾ. ಚಾರ್ಜಿಂಗ್ ಅಳತೆಯ ವ್ಯಾಪ್ತಿಯ ನಡುವೆಯೇ ಎರಡೂ ಬಂದು ಕುಳಿತವು. ಬೇರೆ ಬೇರೆ ದಾರಿಯಿಂದ ಬಂದ ಎರಡು ಅಳತೆಗಳು ಹೀಗೆ ಒಂದೇ ಕಡೆ ಸೇರಿದಾಗ ಸಿಗುವ ನೆಮ್ಮದಿ, ಮೊಬೈಲ್ ಪರದೆಯ ಯಾವ ಒಂಟಿ ಅಂಕಿಯಿಂದಲೂ ನನಗೆ ಸಿಗಲಿಲ್ಲ. ಒಂದು ಎಚ್ಚರ ಮಾತ್ರ ಬೇಕು: ಕೆಲವು ಕಾರುಗಳ ಟ್ರಿಪ್ ಕಂಪ್ಯೂಟರ್ ಮೋಟಾರಿನ ಬಳಕೆಯನ್ನಷ್ಟೇ ತೋರಿಸಿ ಎಸಿಯದನ್ನು ಬಿಡುತ್ತದೆ. ಕಾರನ್ನು ನಿಲ್ಲಿಸಿ ಹತ್ತು ನಿಮಿಷ ಎಸಿ ಓಡಿಸಿ, ಬಳಕೆಯ ಅಂಕಿ ಕದಲುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.

ಕಡಿಮೆ ಓಡಿದ ಕಾರೇ ಹೆಚ್ಚು ಸವೆದಿದ್ದು ಹೇಗೆ ಎಂದು ಮನೆಯವರು ಕೇಳಿದರು. ಲಿಥಿಯಂ ಬ್ಯಾಟರಿ ಓಡಿದರೂ ಸವೆಯುತ್ತದೆ, ಸುಮ್ಮನೆ ನಿಂತರೂ ಸವೆಯುತ್ತದೆ. ಋಣಾಗ್ರದ ಮೇಲೆ ಬೆಳೆಯುವ ತೆಳುಪದರವೊಂದು ಬಳಕೆಗೆ ಬರಬೇಕಾದ ಲಿಥಿಯಮ್ಮನ್ನು ಹಿಡಿದಿಟ್ಟುಕೊಳ್ಳುತ್ತಾ ಹೋಗುತ್ತದೆ; ಸೆಕೆ ಹೆಚ್ಚಿದಷ್ಟೂ, ಚಾರ್ಜ್ ತುಂಬಿದ್ದಷ್ಟೂ ಆ ಬೆಳವಣಿಗೆ ಚುರುಕಾಗುತ್ತದೆ. ಎರಡನೆಯ ಕಾರನ್ನು ಮನೆಯವರು ಪ್ರೀತಿಯಿಂದಲೇ ನೋಡಿಕೊಂಡಿದ್ದರು: ಯಜಮಾನರು ಯಾವಾಗ ಬಂದರೂ ಸಿದ್ಧವಿರಲಿ ಎಂದು ವರ್ಷವಿಡೀ 100 ಶೇಕಡಾ ತುಂಬಿಸಿ, ಮಧ್ಯಾಹ್ನದ ಬಿಸಿಲಿಗೆ ಕಾಯುವ ತಗಡಿನ ಮಾಡಿನ ಕೆಳಗೆ ನಿಲ್ಲಿಸಿದ್ದರು. ಅರ್ಧ ಚಾರ್ಜಿನಲ್ಲಿ ನೆರಳಿನಲ್ಲಿ ನಿಲ್ಲಿಸಿದ್ದರೆ ಆ ಬ್ಯಾಟರಿ ಇಷ್ಟು ಬಳಲುತ್ತಿರಲಿಲ್ಲ ಎಂದು ನನಗೆ ಮನಸಾರೆ ಅನ್ನಿಸಿತು. ಗಲ್ಫ್‌ನಲ್ಲಿರುವವರ ಕಾರುಗಳು ನಮ್ಮ ಜಿಲ್ಲೆಗಳಲ್ಲಿ ಬಹಳಷ್ಟಿರುವುದರಿಂದ, ಓಡೋಮೀಟರ್ ಕಡಿಮೆ ತೋರಿಸಿತೆಂದು ಹೆಚ್ಚು ಬೆಲೆ ತೆರುವ ಮುನ್ನ ಅದು ಹೇಗೆ ನಿಂತಿತ್ತು ಎಂದು ಕೇಳಬೇಕು.

ಐದನೆಯದು ಸರ್ವಿಸ್ ಕೇಂದ್ರದ ವರದಿ. ನನಗೆ ಸಿಕ್ಕಿದ್ದು ಬ್ಯಾಟರಿ ಸರಿಯಾಗಿದೆ ಎಂಬ ಒಂದೇ ಸಾಲು. ಯೂನಿಟ್ಟೂ ಇಲ್ಲ, ಸೆಲ್ಲಿನ ಅಂಕಿಯೂ ಇಲ್ಲ. ಆದರೂ ಆ ಕಾಗದವನ್ನು ಪಡೆಯಬೇಕು, ಏಕೆಂದರೆ ವಾರಂಟಿಯ ಮಾತು ಬಂದಾಗ ನಿಮ್ಮ ಮನೆಯ ಮೀಟರನ್ನು ಯಾರೂ ಒಪ್ಪುವುದಿಲ್ಲ. ನಮ್ಮಲ್ಲಿ ಹಲವು ಕಾರುಗಳ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಇರುತ್ತದೆ, ಎಷ್ಟು ಶೇಕಡಾಕ್ಕಿಂತ ಕೆಳಗಿಳಿದರೆ ಅದು ಅನ್ವಯಿಸುತ್ತದೆ, ಎರಡನೆಯ ಮಾಲೀಕರಿಗೂ ಮುಂದುವರಿಯುತ್ತದೆಯೇ ಎಂಬುದನ್ನು ಆಯಾ ಕಾರಿನ ವಾರಂಟಿ ಪುಸ್ತಕದಲ್ಲೇ ಓದಿಕೊಳ್ಳಬೇಕು. ಹೋಲಿಸಿ ನೋಡಲು ಒಂದು ಅಳತೆಗೋಲು ಬೇಕಿದ್ದರೆ, 2022ರಲ್ಲಿ ವಿಶ್ವಸಂಸ್ಥೆಯ ವೇದಿಕೆಯಲ್ಲಿ ಅಂಗೀಕಾರವಾದ ಜಾಗತಿಕ ತಾಂತ್ರಿಕ ನಿಯಮ 22, ಕಾರುಗಳ ಬ್ಯಾಟರಿ 5 ವರ್ಷ ಅಥವಾ 1 ಲಕ್ಷ ಕಿ.ಮೀ. ತನಕ ಕನಿಷ್ಠ 80 ಶೇಕಡಾ, 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ತನಕ ಕನಿಷ್ಠ 70 ಶೇಕಡಾ ಉಳಿಸಿಕೊಳ್ಳಬೇಕೆನ್ನುತ್ತದೆ. ನಾನು ನೋಡಿದ ಎರಡೂ ಕಾರುಗಳು ಆ ಗೆರೆಗಿಂತ ಮೇಲೆಯೇ ಇದ್ದವು.

ಶೇಕಡಾವಾರಿನ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಕಂಪನಿ ಹೇಳುವ ಯೂನಿಟ್ಟುಗಳಲ್ಲಿ ಒಂದಿಷ್ಟನ್ನು ಬ್ಯಾಟರಿಯ ರಕ್ಷಣೆಗಾಗಿ ಬಳಕೆಗೆ ಬಿಡದೆ ಇಟ್ಟಿರುವುದುಂಟು. ಹಾಗಾಗಿ ಹೊಚ್ಚ ಹೊಸ ಕಾರೂ ಈ ಅಳತೆಗಳಲ್ಲಿ ನೂರಕ್ಕೆ ನೂರು ಕೊಡದೆ ಇರಬಹುದು. ಆ ಕಾರಣದಿಂದ ನಾನು ಆರೋಗ್ಯ ಎಷ್ಟು ಶೇಕಡಾ ಎಂಬ ಪ್ರಶ್ನೆಯನ್ನು ಕೈಬಿಟ್ಟು, ಇವತ್ತು ಈ ಕಾರು ಎಷ್ಟು ಯೂನಿಟ್ ಕೊಡುತ್ತದೆ ಎಂದಷ್ಟೇ ಕೇಳಿಕೊಂಡೆ. ಮೊದಲನೆಯ ಕಾರು ಯೂನಿಟ್ಟಿಗೆ 6.4 ಕಿ.ಮೀ. ಓಡುವುದರಿಂದ ನನ್ನ 115 ಕಿ.ಮೀ.ಗೆ 18 ಯೂನಿಟ್ ಸಾಕು. ಮಳೆಗಾಲದ ನೀರುರಸ್ತೆಯಲ್ಲಿ ಅದು 21ಕ್ಕೆ ಏರಿದರೂ 27ರಲ್ಲಿ ಆರು ಉಳಿಯುತ್ತದೆ. ಎರಡನೆಯ ಕಾರು ಸವೆದಿದ್ದರೂ 34 ಯೂನಿಟ್ ಕೊಡುತ್ತದೆ. ದಿನವೂ ಕುಂದಾಪುರಕ್ಕೆ ಹೋಗಿಬರುವವರಿಗೆ ಬಹುಶಃ ಅದೇ ಸೂಕ್ತ, ಹಿಂದೆ ಬೀಳುವ ಆ ಒಂದು ಸೆಲ್ಲನ್ನು ವಾರಂಟಿಯಲ್ಲಿ ಬದಲಿಸಿಕೊಡಲು ಒಪ್ಪಿದರೆ. ನಾನು ಮೊದಲನೆಯದನ್ನು ಕೊಂಡೆ.

ಎಲ್ಲ ಮಾಲೀಕರೂ ಕಾರನ್ನು ಎರಡು ದಿನ ಬಿಟ್ಟುಕೊಡುವುದಿಲ್ಲ. ಒಂದೇ ಬೆಳಗು ಸಿಗುವುದಾದರೆ, ಹಿಂದಿನ ರಾತ್ರಿ 100 ಶೇಕಡಾ ತುಂಬಿಸಿಡಲು ಕೇಳಿ, ಹೆದ್ದಾರಿಯಲ್ಲಿ 10ರವರೆಗೆ ಓಡಿಸಿ ಯೂನಿಟ್ ಬರೆದುಕೊಳ್ಳಿ. ಒಂದೇ ಗಂಟೆ ಸಿಗುವುದಾದರೆ, ಚಾರ್ಜನ್ನು 20ರ ಆಸುಪಾಸಿಗೆ ಇಳಿಸಿಟ್ಟಿರಲು ಹೇಳಿ. ಮಂಗಳೂರಿನಲ್ಲಿದ್ದರೆ ಕದ್ರಿ ಗುಡ್ಡಕ್ಕೆ, ಉಡುಪಿಯಲ್ಲಿದ್ದರೆ ಮಣಿಪಾಲಕ್ಕೆ, ಒಬಿಡಿ ಸಿಕ್ಕಿಸಿಕೊಂಡು ಎರಡು ಸಲ ಹತ್ತಿಸಿ, ಕೆಳಗಿಳಿಯುವ ಸೆಲ್ಲಿನ ಸಂಖ್ಯೆ ಎರಡೂ ಸಲ ಒಂದೇ ಇದೆಯೇ ಎಂದು ನೋಡಿ.