ನಿಂತು ನಿಂತು ಓಡೋ ಔಟ್‌ಬೋರ್ಡ್ ಮೋಟರ್: ಲ್ಯಾಪ್‌ಟಾಪ್, ಗೇಜ್, ರಬ್ಬರ್ ಬಲ್ಬ್, ಬೇರೆ ಟ್ಯಾಂಕ್ ನಾಲ್ಕೂ ಮಾಡಿ ನೋಡಿದ್ದು

ಕೋಡಿಬೆಂಗ್ರೆ ಹತ್ರ ಹೊಳೆಯಲ್ಲಿ ನಮ್ಮದೊಂದು ಸಣ್ಣ ಫೈಬರ್ ದೋಣಿ ಉಂಟು, ಹಿಂದೆ 40 ಎಚ್‌ಪಿ ಫೋರ್ ಸ್ಟ್ರೋಕ್ ಮೋಟರ್, ಇಂಜೆಕ್ಷನ್ ಇರೋದು, 2009ರ ಮಾಡೆಲ್, ಸೆಕೆಂಡ್ ಹ್ಯಾಂಡ್ ತಕೊಂಡದ್ದು. ಕಂಪನಿ ಹೆಸರು ಬೇಡ. ಕಾಯಿಲೆ ಎಂತ ಅಂದ್ರೆ ಮೆಲ್ಲ ಹೋದ್ರೆ ದಿನವಿಡೀ ಓಡ್ತದೆ, ಥ್ರಾಟಲ್ ಕೊಟ್ಟು ಹತ್ತು ಹದಿನೈದು ನಿಮಿಷ ಹೋದ್ರೆ ಎರಡು ಸಲ ಮುಗ್ಗರಿಸಿ ನಿಂತೇ ಹೋಗ್ತದೆ, ಐದು ನಿಮಿಷ ಬಿಟ್ಟು ಕೀ ತಿರುಗಿಸಿದ್ರೆ ಎಂತ ಆಗ್ಲೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್. ಸ್ವರ್ಣಾ, ಸೀತಾ ಎರಡೂ ಸೇರಿ ಸಮುದ್ರಕ್ಕೆ ಬೀಳೋ ಜಾಗ ಅದು, ಇಳಿತದ ಹೊತ್ತಲ್ಲಿ ಅಳಿವೆ ಹತ್ರ ಮೋಟರ್ ನಿಂತ್ರೆ ಹೊಳೆ ನಿಮ್ಮನ್ನು ಕೇಳೋದಿಲ್ಲ, ಎಳ್ಕೊಂಡು ಹೋಗ್ತದೆ. ಒಂದ್ಸಲ ನಾಲ್ಕು ಜನ ಗೆಸ್ಟ್ ಕೂತಿದ್ದಾಗಲೇ ಲಂಗರು ಹಾಕಿ ನಗ್ತಾ ನಿಂತದ್ದು ನಾನು.

ಪಕ್ಕದ ಮನೆ ಅಣ್ಣ ಮೀನಿಗೆ ಹೋಗೋರು, ಸೀಮೆಎಣ್ಣೆ ಮೋಟರ್ ಆದ್ರೆ ಕಣ್ಣುಮುಚ್ಚಿ ಬಿಚ್ಚಿ ಹಾಕ್ತಾರೆ, ಇದನ್ನು ನೋಡಿ "ಇದು ಕಂಪ್ಯೂಟರ್ ಇಂಜಿನ್ ಮಾರಾಯ, ನಮಗೆ ಆಗೋದಲ್ಲ" ಅಂದ್ರು.

ಮೊದಲು ಮೆಕ್ಯಾನಿಕ್ ದಾರಿ, ಅಂದ್ರೆ ಅಂದಾಜಲ್ಲಿ ಪಾರ್ಟ್ ಬದಲಿಸೋದು. ಬಿಸಿ ಆದ್ಮೇಲೆ ನಿಲ್ತದೆ, ತಣ್ಣಗಾದ್ಮೇಲೆ ಓಡ್ತದೆ, ಹಾಗಾದ್ರೆ ಕ್ರ್ಯಾಂಕ್ ಸೆನ್ಸರೇ (ಇಂಜಿನ್ ತಿರುಗೋದನ್ನು ಕಂಪ್ಯೂಟರಿಗೆ ಹೇಳೋ ಸೆನ್ಸರ್) ಅಂತ ಮೆಕ್ಯಾನಿಕ್ ಲೆಕ್ಕ. ಲೆಕ್ಕ ತಪ್ಪೇನಲ್ಲ, ಆ ಸೆನ್ಸರ್ ಬಿಸಿಗೆ ಕೈ ಕೊಡೋದು ಉಂಟು. ಆದ್ರೆ ಹಾಗೆ ಕೈ ಕೊಟ್ರೆ ಸ್ವಿಚ್ ಆಫ್ ಮಾಡಿದ ಹಾಗೆ ಒಮ್ಮೆಲೇ ನಿಲ್ತದೆ, ಕಿಡಿ ಮತ್ತೆ ಪೆಟ್ರೋಲ್ ಸಿಂಪಡಿಸೋ ಇಂಜೆಕ್ಟರ್ ಎರಡೂ ಒಟ್ಟಿಗೆ ಬಂದ್. ನಮ್ಮದು ಉಸಿರು ಕಟ್ಟಿದ ಹಾಗೆ ಮುಗ್ಗರಿಸಿ, ಸ್ವಲ್ಪ ಚೇತರಿಸ್ಕೊಂಡು, ಮತ್ತೆ ಸಾಯ್ತಿತ್ತು. ಇದನ್ನು ನಾನು ಮೊದಲೇ ಸರಿಯಾಗಿ ಹೇಳಿದ್ರೆ ಸೆನ್ಸರ್ ದುಡ್ಡು ಉಳೀತಿತ್ತು. ಹಾಕಿ ಆಯ್ತು, ಮಾರನೇ ದಿನ ಅದೇ ಜಾಗದಲ್ಲಿ ನಿಂತಿತು.

ಆಮೇಲೆ ಲ್ಯಾಪ್‌ಟಾಪ್. ಒಂದು ಸರ್ವಿಸ್ ಸೆಂಟರ್‌ನವರು ಬಂದು ಕೇಬಲ್ ಹಾಕಿ ನೋಡಿದ್ರು, ಒಂದೂ ಫಾಲ್ಟ್ ಕೋಡ್ ಇಲ್ಲ. ಇಷ್ಟು ಹಳೇ ಮೋಟರ್‌ನ ಇಸಿಯುಗೆ, ಅಂದ್ರೆ ಅದರ ಕಂಪ್ಯೂಟರಿಗೆ, ಪೆಟ್ರೋಲ್ ಪ್ರೆಶರ್ ನೋಡೋ ಕಣ್ಣೇ ಇಲ್ಲ, ಅದು ಸೆನ್ಸರ್‌ಗಳನ್ನು ಮಾತ್ರ ಕೇಳ್ತದೆ, ಸೆನ್ಸರ್‌ಗಳು ನಾವೆಲ್ಲ ಸರಿ ಇದ್ದೇವೆ ಅಂತವೆ. ಅದೂ ಅವರು ನೋಡಿದ್ದು ಡ್ರಮ್ಮಲ್ಲಿ ನೀರು ತುಂಬಿ ಐಡಲ್‌ನಲ್ಲಿ, ಅಂದ್ರೆ ಥ್ರಾಟಲ್ ಕೊಡದೆ. ಐಡಲ್‌ನಲ್ಲಿ ಗಂಟೆಗೆ ಒಂದು ಲೀಟರ್ ಹತ್ರ ಕುಡಿಯೋ ಮೋಟರ್ ಫುಲ್ ಥ್ರಾಟಲ್‌ನಲ್ಲಿ 13-14 ಲೀಟರ್ ಕುಡೀತದೆ, ಡ್ರಮ್ಮಲ್ಲಿ ವರ್ಷ ಓಡಿಸಿದ್ರೂ ಈ ಕಾಯಿಲೆ ಕಾಣೋದಿಲ್ಲ. ಹಾಗಂತ ವೇಸ್ಟ್ ಅನ್ನೋದಿಲ್ಲ, ಬ್ಯಾಟರಿ ವೋಲ್ಟೇಜ್, ಕ್ರ್ಯಾಂಕ್ ಸಿಗ್ನಲ್ ಎಲ್ಲ ಸರಿ ಅಂತ ಗೊತ್ತಾಯ್ತು. ಆದ್ರೆ ಕೊನೆಗೆ ಅವರು ಕೊಟ್ಟ ಎಸ್ಟಿಮೇಟ್ ನೋಡಿ ತಲೆ ತಿರುಗಿತು: ವಿಎಸ್‌ಟಿ ಪೂರ್ತಿ ಸೆಟ್ ಬದಲಿಸ್ಬೇಕಂತೆ. ವಿಎಸ್‌ಟಿ ಅಂದ್ರೆ ಮೋಟರ್ ಒಳಗಿರೋ ಪುಟ್ಟ ಟ್ಯಾಂಕ್, ದೊಡ್ಡ ಟ್ಯಾಂಕಿಂದ ಲೋ ಪ್ರೆಶರ್ ಪಂಪ್ ಎಳೆದು ತಂದ ಪೆಟ್ರೋಲ್ ಅಲ್ಲಿ ನಿಲ್ತದೆ, ಒಳಗಿನ ಎಲೆಕ್ಟ್ರಿಕ್ ಪಂಪ್ ಅದನ್ನು ಒತ್ತಿ ಇಂಜೆಕ್ಟರಿಗೆ ಕಳಿಸ್ತದೆ.

ಅಷ್ಟು ದುಡ್ಡು ಹಾಕೋ ಮೊದ್ಲು ಪ್ರೆಶರ್ ಗೇಜ್ ತರಿಸಿದೆ. ನನಗೆ ಇಷ್ಟ ಆದದ್ದು ಇದು. ಇಂಜೆಕ್ಟರಿಗೆ ಪೆಟ್ರೋಲ್ ಹಂಚೋ ಫ್ಯುಯಲ್ ರೈಲ್ ಅನ್ನೋ ಪೈಪಲ್ಲಿ ಟಯರಿಗೆ ಇರೋ ಥರದ್ದೇ ಒಂದು ವಾಲ್ವ್ ಇರ್ತದೆ, ಅಲ್ಲಿಗೆ ತಿರುಪೋದು. ಬಟ್ಟೆ ಸುತ್ತಿ ತಿರುಪಿ, ಪೆಟ್ರೋಲ್ ಚಿಮ್ಮಿದ್ರೆ ಬಿಸಿ ಇಂಜಿನ್ ಮೇಲೆ ಬೀಳ್ಬಾರ್ದು. ಹೊಳೆಗೆ ಹೋಗಿ ಥ್ರಾಟಲ್ ಕೊಟ್ಟೆ, ಮುಳ್ಳು 3 ಬಾರ್ ಹತ್ರ ಗಟ್ಟಿ ನಿಂತಿತ್ತು, ಹನ್ನೆರಡನೇ ನಿಮಿಷಕ್ಕೆ ಕುಣಿಲಿಕ್ಕೆ ಶುರು, ಆಮೇಲೆ ಇಳಿದೇ ಹೋಯ್ತು, ಮೋಟರೂ ಹೋಯ್ತು. ಕಿಡಿಯ ಸಂಶಯ ಅಲ್ಲಿಗೇ ಮುಗೀತು, ಇದು ಪೆಟ್ರೋಲಿನದ್ದೇ. ಆದ್ರೆ ಎಲೆಕ್ಟ್ರಿಕ್ ಪಂಪ್ ಸುಸ್ತಾದ್ರೂ ಮುಳ್ಳು ಬೀಳ್ತದೆ, ವಿಎಸ್‌ಟಿ ಖಾಲಿ ಆಗಿ ಪಂಪ್ ಗಾಳಿ ಕುಡಿದ್ರೂ ಬೀಳ್ತದೆ, ಯಾವುದು ಅಂತ ಗೇಜ್ ಒಂದೇ ಹೇಳೋದಿಲ್ಲ.

ಅಲ್ಲಿಗೆ ಬಂತು ಬಲ್ಬ್, ಖರ್ಚೇ ಇಲ್ಲದ್ದು. ಟ್ಯಾಂಕಿಂದ ಬರೋ ಪೈಪಿನ ಮಧ್ಯ ಇರೋ ರಬ್ಬರ್ ಬಲ್ಬನ್ನು, ಮೋಟರ್ ಮುಗ್ಗರಿಸೋ ಹೊತ್ತಿಗೇ ಒತ್ತೋದು. ನಿಜ ಹೇಳ್ತೇನೆ, ಇದನ್ನು ನಾನು ಮೊದಲೂ ಮಾಡಿದ್ದೆ, ಸೀಟಿನ ಅಡಿ ಕೈ ಹಾಕಿ ನೋಡದೇ ಒತ್ತಿದ್ದು, ಸ್ವಲ್ಪ ಜೀವ ಬಂದ ಹಾಗಾಗಿ ಮತ್ತೆ ಸತ್ತಿತ್ತು, ಇದಲ್ಲ ಅಂತ ಬಿಟ್ಟಿದ್ದೆ. ಈ ಸಲ ಅಣ್ಣನ ಕೈಗೆ ಸ್ಟೇರಿಂಗ್ ಕೊಟ್ಟು ಬಗ್ಗಿ ನೋಡಿದೆ. ಬಲ್ಬ್ ಅವಲಕ್ಕಿ ಥರ ಚಪ್ಪಟೆ! ಎರಡು ಸಲ ಒತ್ತಿದಾಗ ಗೇಜಿನ ಮುಳ್ಳು ಎದ್ದಿತು, ಮೂರನೇ ಸಲಕ್ಕೆ ಒತ್ಲಿಕ್ಕೆ ಬಲ್ಬ್ ಉಬ್ಬಲೇ ಇಲ್ಲ. ಅಂದ್ರೆ ಎರಡೂ ಪಂಪ್ ಸರಿ, ಎಳೀತಾ ಉಂಟು, ಟ್ಯಾಂಕಿಂದ ಬಲ್ಬಿನ ನಡುವೆ ಎಲ್ಲೋ ಕಟ್ಟಿದೆ.

ಮಧ್ಯ ಒಂದು ಪಾರದರ್ಶಕ ಪೈಪ್ ತುಂಡನ್ನೂ ಬಲ್ಬಿನ ಆಚೆ ಹಾಕಿ ನೋಡಿದ್ದೆ, ಅದು ನನ್ನನ್ನು ದಾರಿ ತಪ್ಪಿಸಿತು. ಗುಳ್ಳೆ ಕಂಡಿತು, ಗಾಳಿ ಲೀಕ್ ಅಂತ ಕ್ಲಿಪ್ ಎಲ್ಲ ಬದಲಿಸಿದೆ. ಪೈಪ್ ಕಟ್ಟಿ ಎಳೆತ ಜಾಸ್ತಿ ಆದ್ರೂ ಪೆಟ್ರೋಲ್ ಆವಿಯಾಗಿ ಗುಳ್ಳೆ ಬರ್ತದೆ ಅಂತ ಆಮೇಲೆ ತಲೆಗೆ ಹೋಯ್ತು.

ಟ್ಯಾಂಕಿನ ಮುಚ್ಚಳ ತೆರೆದು ಓಡಿಸಿದೆ, ಗಾಳಿ ಒಳಗೆ ಹೋಗೋ ತೂತು (ವೆಂಟ್) ಕಟ್ಟಿದ್ರೆ ಅದರಲ್ಲೇ ಸರಿ ಆಗ್ಬೇಕಿತ್ತು, ಆಗ್ಲಿಲ್ಲ. ಕೊನೆಗೆ ಅಣ್ಣನ ಪರಿಚಯದವರ ಹತ್ರ 24 ಲೀಟರಿನ ಬಿಡಿ ಟ್ಯಾಂಕ್ ಅದರದ್ದೇ ಪೈಪಿನ ಸಮೇತ ತಂದು ಹಾಕಿದೆ, ಕೆಮ್ಮಣ್ಣು ತೂಗುಸೇತುವೆ ಕಡೆ ಹೋಗಿ ಬಂದೆ, ಕೆಮ್ಮಲೂ ಇಲ್ಲ. ಆಮೇಲೆ ಅದೇ ಟ್ಯಾಂಕಿಗೆ ನನ್ನ ಪೈಪ್ ಹಾಕಿದೆ, ಹತ್ತೇ ನಿಮಿಷದಲ್ಲಿ ನಿಂತಿತು.

ಆ ಪೈಪನ್ನು ದಡಕ್ಕೆ ತಂದು ಬ್ಲೇಡಿಂದ ಉದ್ದಕ್ಕೆ ಸೀಳಿದ್ವಿ. ಹೊರಗೆ ಹೊಸದರ ಹಾಗೆ ಕಪ್ಪು ಮಿಂಚು, ಒಳಗಿನ ಪದರ ಮಾತ್ರ ಹಾವಿನ ಪೊರೆ ಥರ ಬಿಟ್ಟು ನಾಲಿಗೆ ಹಾಗೆ ನೇತಾಡ್ತಿತ್ತು. ಮೋಟರ್ ಜೋರು ಎಳೆದಾಗ ಆ ನಾಲಿಗೆ ಮಡಚಿ ದಾರಿ ಮುಚ್ಚೋದು, ಮೋಟರ್ ನಿಂತು ಎಳೆತ ಹೋದಾಗ ವಾಪಸ್ ಬಿಟ್ಕೊಳ್ಳೋದು. ಅದಕ್ಕೇ ಐದು ನಿಮಿಷ ಬಿಟ್ರೆ ಸ್ಟಾರ್ಟ್, ತಣ್ಣಗಾಗೋದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಹಳೇ ರಬ್ಬರಿಗೂ ಎಥನಾಲಿಗೂ ಆಗಿಬರೋದಿಲ್ಲ, ಈಗ ಬಂಕಲ್ಲಿ ಸಿಗೋದು ಇ20, ಅಂದ್ರೆ 20% ಎಥನಾಲ್ ಬೆರೆಸಿದ ಪೆಟ್ರೋಲ್, ಹಾಗಾಗಿ ಪೈಪ್ ತಕೊಳ್ಳುವಾಗ ಎಥನಾಲ್ ತಡೆಯೋದೇ ಕೊಡಿ ಅಂತ ಕೇಳಿ ತನ್ನಿ.

ಇನ್ನೊಂದ್ಸಲ ಹೀಗಾದ್ರೆ ನಾನು ಮೊದಲು ಹೊಳೆಯಲ್ಲಿ ಲೋಡ್ ಕೊಟ್ಟು ಬಲ್ಬನ್ನು ಕಣ್ಣಲ್ಲಿ ನೋಡ್ತೇನೆ, ಚಪ್ಪಟೆ ಆದ್ರೆ ಬೇರೆ ಟ್ಯಾಂಕ್, ಆಗದಿದ್ರೆ ಗೇಜ್. ಒಮ್ಮೆಲೇ ಆಫ್ ಆಗೋ ಮೋಟರಿಗೆ ಮಾತ್ರ ಲ್ಯಾಪ್‌ಟಾಪಿನವರನ್ನು ಕರೆಯೋದು, ಅದಕ್ಕೂ ಮೊದ್ಲು ಕಿಲ್ ಸ್ವಿಚ್ (ತುರ್ತಿಗೆ ಮೋಟರ್ ನಿಲ್ಲಿಸೋದು), ಬ್ಯಾಟರಿ ಟರ್ಮಿನಲ್ಲು ತಿಕ್ಕಿ ನೋಡಿ, ಉಪ್ಪು ನೀರಲ್ಲಿ ಅರ್ಧ ಕಾಯಿಲೆ ಅಲ್ಲೇ ಇರ್ತದೆ.

ಬಿಚ್ಚಿ ತೆಗೆದ ಹಳೇ ಸೆನ್ಸರ್ ಡಬ್ಬಿಯಲ್ಲಿ ಹಾಗೇ ಉಂಟು, ಸ್ಪೇರ್ ಅಂತ ಇಟ್ಕೊಂಡಿದ್ದೇನೆ.